ಇದ್ದಷ್ಟನ್ನೇ ಓದುವುದು

ಗಾದೆ ವಿಸ್ತರಣೆಯ ಪ್ರಶ್ನೆಗೆ ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಶುರು ಮಾಡದ ಮಕ್ಕಳು ಕರ್ನಾಟಕದ ಹೈಸ್ಕೂಲುಗಳಲ್ಲಿ ಇರಲಿಕ್ಕಿಲ್ಲ. ಮೊದಲ ಸಾಲು ಅದು. ಎರಡನೆಯದು ‘ಗಾದೆಗಳು ನಮ್ಮ ಹಿರಿಯರ ಅನುಭವದ ಸಾರ’. ಆಮೇಲೆ ಗಾದೆ ಯಾವುದೇ ಇರಲಿ, ಕೈ ತಾನಾಗಿ ಓಡುತ್ತದೆ. ನಾಲ್ಕು ಪದದ ಮಾತನ್ನು ಮುಕ್ಕಾಲು ಪುಟ ಎಳೆಯುವ ಆ ಕಲೆಯಲ್ಲಿ ನಾನು ಕ್ಲಾಸಿಗೇ ಮೊದಲು. ‘ಕೈ ಕೆಸರಾದರೆ ಬಾಯಿ ಮೊಸರು’ ಕೊಟ್ಟರೆ ಸಾಕು, ಗದ್ದೆಯ ರೈತನಿಂದ ಹಿಡಿದು ಗಡಿಯ ಸೈನಿಕನವರೆಗೆ ಎಲ್ಲರನ್ನೂ ಕರೆತಂದು ಸಾಲಾಗಿ ನಿಲ್ಲಿಸುತ್ತಿದ್ದೆ. ನಮ್ಮ ಕನ್ನಡ ಮೇಷ್ಟ್ರು ಅದನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿಸುತ್ತಿದ್ದರು.

ವರ್ಷಗಳು ಕಳೆದು ಯುಪಿಎಸ್‌ಸಿ ಪರೀಕ್ಷೆ ಬರೆಯಲು ಕೂತಾಗ ಅದೇ ಕೈ ಚೆನ್ನಾಗಿಯೇ ಕೆಸರಾಯಿತು. ಮೊಸರು ಬಾಯಿಗೆ ಬರಲಿಲ್ಲ.

ನಾಗರಿಕ ಸೇವೆಗಳ ಪೂರ್ವಭಾವಿ ಪರೀಕ್ಷೆಗೆ ಎರಡು ಪತ್ರಿಕೆ. ಮೊದಲನೆಯದು ಸಾಮಾನ್ಯ ಅಧ್ಯಯನ. ಅದಕ್ಕೆ ಎಲ್ಲರೂ ಊಟ ನಿದ್ದೆ ಬಿಟ್ಟು ಓದುತ್ತಾರೆ. ಎರಡನೆಯದು 2011ರಲ್ಲಿ ಬಂದದ್ದು, ಎಲ್ಲರ ಬಾಯಲ್ಲೂ ಸಿಸ್ಯಾಟ್: 80 ಪ್ರಶ್ನೆ, 200 ಅಂಕ, ಎರಡು ಗಂಟೆ. ಒಂದಿಷ್ಟು ಗಣಿತ, ಒಂದಿಷ್ಟು ತರ್ಕ, ಒಂದಿಷ್ಟು ಗದ್ಯ ಓದಿ ಉತ್ತರಿಸುವುದು. 2015ರಿಂದ ಈ ಪತ್ರಿಕೆಯ ಅಂಕವನ್ನು ಆಯ್ಕೆಗೆ ಲೆಕ್ಕ ಹಿಡಿಯುವುದಿಲ್ಲ, ಶೇ 33 ತೆಗೆದು ಪಾಸಾದರೆ ಸಾಕು. ಆ ‘ಸಾಕು’ ಅನ್ನುವ ಮಾತೇ ನನ್ನನ್ನು ಹಾಳು ಮಾಡಿದ್ದು. 66 ಅಂಕ ತಾನೇ, ಗಣಿತ ಕೈಕೊಟ್ಟರೂ ಓದು ಕೈಕೊಡುವುದಿಲ್ಲವಲ್ಲ, ಚಿಕ್ಕಂದಿನಿಂದ ಊರಿನ ಲೈಬ್ರರಿಯಲ್ಲೇ ಬಿದ್ದಿದ್ದವನು ನಾನು ಎಂಬ ಧೈರ್ಯ.

54 ಪ್ರಶ್ನೆಗಳಿಗೆ ಗುರುತು ಹಾಕಿ ಬಂದೆ. ಪ್ರಶ್ನೆಪತ್ರಿಕೆಯನ್ನು ಮನೆಗೆ ತರಲು ಬಿಡುತ್ತಾರೆ. ಮುಂದೆ ಅಧಿಕೃತ ಉತ್ತರಗಳು ಹೊರಬಂದಾಗ ಕೂತು ಲೆಕ್ಕ ಹಾಕಿದೆ. 32 ಸರಿ, 22 ತಪ್ಪು. ಸರಿಗೆ ಎರಡೂವರೆಯಂತೆ 80 ಅಂಕ ಬಂತು. ತಪ್ಪಿಗೆ ಅದರ ಮೂರನೇ ಒಂದು ಭಾಗ ಕಡಿತ, ಅಂದರೆ ಹದಿನೆಂಟು ಚಿಲ್ಲರೆ ಹೋಯಿತು. ಉಳಿದದ್ದು 61.67. ತಪ್ಪಾದ ಇಪ್ಪತ್ತೆರಡರಲ್ಲಿ ಆರನ್ನು ಮುಟ್ಟದೆ ಬಿಟ್ಟಿದ್ದರೆ 66.67 ಆಗಿ ಪಾಸಾಗುತ್ತಿದ್ದೆ. ಹೊಸದಾಗಿ ಏನೂ ಗೊತ್ತಿರಬೇಕಾಗಿರಲಿಲ್ಲ. ಆರು ಸಲ ಸುಮ್ಮನಿರಬೇಕಿತ್ತು, ಅಷ್ಟೆ.

ಆ ಇಪ್ಪತ್ತೆರಡರಲ್ಲಿ ಹದಿಮೂರು ಗದ್ಯದವು. ಎಲ್ಲಿ ನೆಲ ಗಟ್ಟಿ ಅಂದುಕೊಂಡಿದ್ದೆನೋ ಅಲ್ಲೇ ಕಾಲು ಹೂತಿತ್ತು.

ಒಂದು ಗದ್ಯ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಾಡು, ಕಾಡಂಚಿನ ಜನ, ಅವರ ಹಕ್ಕು, ಇದರ ಬಗ್ಗೆ ಏಳೆಂಟು ಸಾಲು. ನಾನು ಮಲೆನಾಡಿನವನು. ಪಶ್ಚಿಮ ಘಟ್ಟಗಳ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ ಕೊಟ್ಟ 2011ರ ವರದಿಯ ಸುತ್ತ ನಮ್ಮ ಕಡೆ ಎದ್ದ ಗದ್ದಲವನ್ನು ಕಂಡವನು, ವರದಿಯನ್ನೂ ಅಷ್ಟಿಷ್ಟು ತಿರುವಿ ಹಾಕಿದವನು. ಗದ್ಯದ ಮೂರನೇ ಸಾಲಿಗೇ ನನ್ನೊಳಗಿನ ಭಾಷಣಕಾರ ಎದ್ದು ನಿಂತ. ಆಯ್ಕೆಗಳಿಗೆ ಬಂದರೆ, ನಾನು ವರ್ಷಗಳಿಂದ ವಾದ ಮಾಡುತ್ತಿದ್ದ ಮಾತೇ ಮೂರನೆಯದಾಗಿ ಅಚ್ಚಾಗಿದೆ! ಕಣ್ಣು ಮುಚ್ಚಿ ಉತ್ತರದ ಹಾಳೆಯ ಆ ಗುಂಡಿ ತುಂಬಿದೆ. ಅದು ನಿಜವಾದ ಮಾತೇ, ಈಗ ಕೇಳಿದರೂ ಹಾಗೇ ಹೇಳುತ್ತೇನೆ. ಆದರೆ ಆ ಏಳೆಂಟು ಸಾಲು ಅದನ್ನು ಹೇಳಿರಲಿಲ್ಲ. ನಿಮ್ಮ ಉತ್ತರಗಳು ಈ ಗದ್ಯವನ್ನು ಮಾತ್ರ ಆಧರಿಸಿರಬೇಕು ಎಂದು ಗದ್ಯಗಳ ನೆತ್ತಿಯ ಮೇಲೇ ಹಾಕಿರುತ್ತಾರೆ. ಆ ‘ಮಾತ್ರ’ವನ್ನು ಎಷ್ಟು ಸಲ ಓದಿದ್ದೆನೋ, ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ.

ತಪ್ಪು ಪೂರ್ತಿ ನನ್ನೊಬ್ಬನದೇ ಅಲ್ಲ ಅಂತ ಆಮೇಲೆ ಅನ್ನಿಸಿದೆ. (ಸೋತವರಿಗೆ ಇಂಥ ಯೋಚನೆ ಬೇಗ ಹೊಳೆಯುತ್ತದೆ.) ನಮಗೆ ಓದುವುದು ಅಂದರೆ ವಿಸ್ತರಿಸುವುದು ಎಂದೇ ರೂಢಿ. ಶಿವಮೊಗ್ಗದ ಪಕ್ಕದ ಮತ್ತೂರು, ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರುಗಳು. ಚಿಕ್ಕವನಿದ್ದಾಗ ಅಜ್ಜನ ಕೈ ಹಿಡಿದು ಆ ಕಡೆಯವರ ವಾಚನ ಕೇಳಲು ಹೋಗುತ್ತಿದ್ದೆ. ಒಬ್ಬರು ಪದ್ಯ ಹಾಡುತ್ತಾರೆ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಮಾಡುತ್ತಾರೆ. ಪದ್ಯ ಆರು ಸಾಲು, ವ್ಯಾಖ್ಯಾನ ಅರ್ಧ ಗಂಟೆ. ಕೌರವನ ಸಭೆಯಿಂದ ಹೊರಟು ಪಂಚಾಯಿತಿ ಎಲೆಕ್ಷನ್ನಿಗೆ ಬಂದು, ಅಲ್ಲಿಂದ ಅತ್ತೆ ಸೊಸೆಯ ಜಗಳಕ್ಕೆ ಹಾದು, ಜನ ನಕ್ಕು ಮುಗಿಯುವಷ್ಟರಲ್ಲಿ ಮತ್ತೆ ಕೌರವನ ಸಭೆಗೇ ತಂದು ನಿಲ್ಲಿಸುತ್ತಿದ್ದರು. ಎಷ್ಟು ದೂರ ಹೋಗಿ ಎಷ್ಟು ನೇರ ವಾಪಸು ಬಂದರು ಅನ್ನುವುದರ ಮೇಲೆ ವಿದ್ವತ್ತಿನ ಅಳತೆ. ಶಾಲೆಯಲ್ಲೂ ಅದೇ: ‘ಸಂದರ್ಭಸಹಿತ ಸ್ವಾರಸ್ಯವನ್ನು ವಿವರಿಸಿ’, ‘ಎಂಟು–ಹತ್ತು ವಾಕ್ಯಗಳಲ್ಲಿ ಉತ್ತರಿಸಿ’. ಹತ್ತು ವಾಕ್ಯ ಕೇಳಿದರೆ ಹದಿನೈದು ಬರೆದು ಅಡಿಷನಲ್ ಶೀಟಿಗೆ ದಾರ ಕಟ್ಟಿದವನೇ ಜಾಣ. ಹಾಗೆ ಬೆಳೆದವನ ಮುಂದೆ ನಾಲ್ಕು ಸೊನ್ನೆ ಇಟ್ಟು ‘ಇದ್ದದ್ದನ್ನು ಹೇಳು, ಹೆಚ್ಚಿಗೆ ಬೇಡ’ ಅಂದರೆ?

ವ್ಯಾಖ್ಯಾನವನ್ನು ಹೀಗಳೆಯುತ್ತಿಲ್ಲ. ಮನಸ್ಸಿಗೆ ಊಟ ಸಿಗುವುದು ಆ ಓದಿನಲ್ಲೇ. ಪರೀಕ್ಷೆ ಕೇಳುವುದು ಕೋರ್ಟಿನಲ್ಲಿ ಸಾಕ್ಷಿ ಹೇಳುವವನ ಕೆಲಸ. ಆರೋಪಿ ಎಂಥವನು, ಅವನಪ್ಪ ಎಂಥವನಾಗಿದ್ದ ಎಂಬುದೆಲ್ಲ ಸಾಕ್ಷಿಗೆ ಗೊತ್ತಿರಬಹುದು. ಕಟಕಟೆಯಲ್ಲಿ ನಿಂತಾಗ ಕಂಡಷ್ಟು ಹೇಳಿ ಇಳಿಯಬೇಕು.

ಈಗ ನಾನು ಬ್ಯಾಂಕಿನಲ್ಲಿದ್ದೇನೆ. ಭಾನುವಾರ ಬೆಳಿಗ್ಗೆ ಬೆಂಗಳೂರಿನ ವಿಜಯನಗರದಲ್ಲಿ, ಗೆಳೆಯನ ಮನೆಯ ಮಹಡಿಯ ಕೋಣೆಯಲ್ಲಿ, ಹತ್ತು ಹದಿನೈದು ಜನರಿಗೆ ಈ ಗದ್ಯ ಓದುವ ಪಾಠ ಮಾಡುತ್ತೇನೆ. ಫೀಸಿಲ್ಲ, ಕಾಫಿ ಇದೆ. ಕೆಳಗಿನ ರಸ್ತೆಯ ತುಂಬ ಕೋಚಿಂಗ್ ಸೆಂಟರುಗಳ ಬೋರ್ಡು, ಪಿ.ಜಿ.ಗಳ ಬೋರ್ಡು, ಜೆರಾಕ್ಸ್ ಅಂಗಡಿಗಳು. ನಮ್ಮ ಕೋಣೆಗೆ ಹತ್ತಿ ಬರುವವರಲ್ಲಿ ಕೆಲವರು ಪಿಡಿಒ, ಪಿಎಸ್‌ಐ ಅಂತ ವರ್ಷಗಟ್ಟಲೆ ಅರ್ಜಿ ಹಾಕುತ್ತಿರುವ ಹುಡುಗರು, ಹೆಚ್ಚಿನವರು ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಬರೆಯುವ ಹುಡುಗಿಯರು. ಟಿಇಟಿಯವರಿಗೆ ಗದ್ಯ ಸಣ್ಣ ವಿಷಯವಲ್ಲ. ಸಿಬಿಎಸ್‌ಇ ನಡೆಸುವ ಕೇಂದ್ರದ ಟಿಇಟಿ, ಅಂದರೆ ಸಿಟಿಇಟಿಯನ್ನೇ ತಗೊಳ್ಳಿ: 150 ನಿಮಿಷ, 150 ಪ್ರಶ್ನೆ, ಪ್ರಶ್ನೆಗೊಂದು ಅಂಕ. ಒಂದೊಂದು ಭಾಷೆಗೆ 30 ಪ್ರಶ್ನೆ, ಅದರಲ್ಲಿ 15 ಮೊದಲು ನೋಡಿರದ ಬರಹವನ್ನು ಓದಿ ಉತ್ತರಿಸುವಂಥವು. ಎರಡು ಭಾಷೆ ಸೇರಿದರೆ 30 ಅಂಕ ಇದಕ್ಕೇ. ಪಾಸಿಗೆ ಬೇಕಾದ್ದು ಶೇ 60, ಅಂದರೆ 90.

ಹಳೆಯ ಪ್ರಶ್ನೆಪತ್ರಿಕೆಗಳ ಗದ್ಯ ಮುಗಿದುಹೋದರೆ ನಾನೇ ಬರೆದುಕೊಂಡು ಹೋಗುತ್ತೇನೆ. ಒಂದು ಭಾನುವಾರ ಒಯ್ದದ್ದು ಇದು:

“ಕೆರೆಯ ನೀರು ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ಹರಿಯುವುದನ್ನು ನೀರುಗಂಟಿ ನೋಡಿಕೊಳ್ಳುತ್ತಿದ್ದ. ಸುಗ್ಗಿಯಲ್ಲಿ ಊರಿನವರು ಅವನಿಗೆ ಕಾಳು ಅಳೆದು ಕೊಡುತ್ತಿದ್ದರು. ಕೊಳವೆಬಾವಿಗಳು ಬಂದ ಮೇಲೆ ಕೆಲವು ರೈತರು ಕೆರೆಯ ನೀರಿಗೆ ಕಾಯುವುದನ್ನು ಬಿಟ್ಟರು. ಕಾಯದವರು ಕಾಳು ಕೊಡುವುದನ್ನೂ ಬಿಟ್ಟರು. ಹೂಳೆತ್ತುವ ದಿನ ಗುದ್ದಲಿ ಹಿಡಿದು ಬರುವವರೂ ಕಡಿಮೆಯಾದರು. ಕೆರೆ ಒಣಗಲು ಮಳೆ ಕಡಿಮೆಯಾದದ್ದೇ ಕಾರಣ ಎನ್ನುವವರಿದ್ದಾರೆ. ಆದರೆ ಮಳೆ ಚೆನ್ನಾಗಿ ಬಂದ ವರ್ಷವೂ ಹೂಳು ತುಂಬಿದ ಕೆರೆಯಲ್ಲಿ ನೀರು ಹೆಚ್ಚು ದಿನ ನಿಲ್ಲುವುದಿಲ್ಲ.”

ಪ್ರಶ್ನೆ: ಈ ಗದ್ಯದ ಮುಖ್ಯ ಆಶಯ ಯಾವುದು? ಒಂದು, ಕೊಳವೆಬಾವಿ ಕೊರೆಯುವುದನ್ನು ನಿಷೇಧಿಸಬೇಕು. ಎರಡು, ಮಳೆ ಕಡಿಮೆಯಾದದ್ದೇ ಕೆರೆಗಳು ಒಣಗಲು ಕಾರಣ. ಮೂರು, ಕೆರೆಯನ್ನು ನೋಡಿಕೊಳ್ಳುವ ಊರಿನ ಏರ್ಪಾಡು ಸಡಿಲವಾದದ್ದೂ ಕೆರೆ ಒಣಗಲು ಕಾರಣ. ನಾಲ್ಕು, ಕೊಳವೆಬಾವಿಗಳು ಬಂದ ಮೇಲೆ ರೈತರೆಲ್ಲ ಕೆರೆಯನ್ನು ಕೈಬಿಟ್ಟರು.

ಚಿಂತಾಮಣಿ ಕಡೆಯ ಹಳ್ಳಿಯ ಹುಡುಗಿಯೊಬ್ಬಳು ಬರುತ್ತಾಳೆ. ಡಿ.ಎಡ್. ಮುಗಿಸಿದ್ದಾಳೆ, ಚುರುಕು. ಎಲ್ಲರಿಗಿಂತ ಮೊದಲು ಕೈ ಎತ್ತಿದಳು.

“ಒಂದು, ಸಾರ್.”

“ಯಾಕಮ್ಮ ಒಂದು?”

“ನಮ್ಮದು ಮೂರು ಬೋರು ಸಾರ್. ಮೂರೂ ಫೇಲು. ಕೊನೇದು ಸಾವಿರದ ಇನ್ನೂರು ಅಡಿ ಹೋದ್ರು, ಬರೀ ಧೂಳು. ಅಮ್ಮನ ಸರ ಇನ್ನೂ ಬ್ಯಾಂಕಲ್ಲೇ ಇದೆ. ನಿಲ್ಲಿಸ್ಲೇಬೇಕು ಸಾರ್ ಇದನ್ನ.”

ಕೋಣೆ ಸುಮ್ಮನಾಯಿತು. ಆ ಸರ ಇರುವುದು ನಾನು ದುಡಿಯುವಂಥದೇ ಒಂದು ಬ್ಯಾಂಕಿನಲ್ಲಿ. ಅವಳ ಮುಂದೆ ನಿಂತು ‘ತಪ್ಪು’ ಅನ್ನುವುದು ಹೇಗೆ? ನೀರಿನ ಬಗ್ಗೆ ಈ ಗದ್ಯ ಬರೆದ ನನಗಿಂತ ಹತ್ತು ಪಟ್ಟು ಹೆಚ್ಚು ಗೊತ್ತಿರುವವಳು ಅವಳು. ತಪ್ಪಾಗಲು ಅದೇ ಕಾರಣ.

“ನಿಷೇಧ ಮಾಡಬೇಕು ಅಂತ ಎಲ್ಲಿ ಬರೆದಿದೆ, ತೋರಿಸು” ಅಂದೆ. ಬೆರಳಿಟ್ಟು ಹುಡುಕಿದಳು. ಇರಲಿಲ್ಲ. ‘ಬೇಕು’ ಅನ್ನುವ ಪದವೇ ಗದ್ಯದಲ್ಲಿ ಇರಲಿಲ್ಲ. ಗದ್ಯ ಆದದ್ದನ್ನು ಹೇಳಿತ್ತು, ಆಗಬೇಕಾದ್ದನ್ನು ಹೇಳಿರಲಿಲ್ಲ.

ಹಿಂದಿನ ಬೆಂಚಿನ ಹುಡುಗನೊಬ್ಬ ಎರಡು ಅಂದ. ಆ ವಾಕ್ಯ ಗದ್ಯದಲ್ಲೇ ಇದೆ ಸಾರ್, ಹೆಚ್ಚುಕಡಿಮೆ ಹಾಗೇ ಇದೆ ಅಂತ ಅವನ ವಾದ. ಇದೆ, ನಿಜ. ಆದರೆ ಯಾರ ಬಾಯಲ್ಲಿದೆ? ‘ಎನ್ನುವವರಿದ್ದಾರೆ’ ಅಂದರೆ ಬರೆದವನು ಆ ಮಾತನ್ನು ತನ್ನ ತಲೆಯ ಮೇಲಿಂದ ಇಳಿಸಿ ಪಕ್ಕಕ್ಕಿಟ್ಟ ಹಾಗೆ. ಮುಂದಿನ ಪದವೇ ‘ಆದರೆ’. ಗದ್ಯದ ಪದಗಳೇ ಆಯ್ಕೆಯಲ್ಲೂ ಕಂಡರೆ ನೆಂಟರು ಸಿಕ್ಕಷ್ಟು ಖುಷಿಯಾಗುತ್ತದೆ. ಪ್ರಶ್ನೆ ತೆಗೆಯುವವರಿಗೆ ಅದು ಚೆನ್ನಾಗಿ ಗೊತ್ತು. ಸರಿಯಾದ ಉತ್ತರವನ್ನು ಬೇರೆ ಬಟ್ಟೆ ಹಾಕಿಸಿ, ತಪ್ಪು ಉತ್ತರಕ್ಕೆ ಗದ್ಯದ ಬಟ್ಟೆಯನ್ನೇ ಹಾಕಿ ಕಳಿಸುತ್ತಾರೆ. ಮೂರನೇ ಆಯ್ಕೆಯನ್ನು ನೋಡಿ: ‘ಏರ್ಪಾಡು’, ‘ಸಡಿಲ’ ಎರಡೂ ಗದ್ಯದಲ್ಲಿಲ್ಲ. ನೀರುಗಂಟಿ, ಕಾಳು, ಗುದ್ದಲಿ ಮೂರನ್ನೂ ಸೇರಿಸಿ ಕಟ್ಟಿದರೆ ಆಗುವುದು ಅದೇ.

ನಾಲ್ಕನೆಯದು ‘ಕೆಲವು’ ಹೋಗಿ ‘ಎಲ್ಲ’ ಆದದ್ದು. ನಮ್ಮ ಕೋಣೆಯಲ್ಲಿ ಅದಕ್ಕೆ ‘ದೊಡ್ಡಬಾಯಿ’ ಅಂತ ಹೆಸರು. ಹುಡುಗಿಯರೇ ಇಟ್ಟದ್ದು.

ಆದರೆ ಆ ದಿನ ನನಗೇ ಹೊಳೆದಿರದ ಒಂದು ಸಂಗತಿ ಹೊಳೆಯಿತು. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ನಿಂತಿರುವುದು ಒಂದೊಂದು ಅಕ್ಷರದ ಮೇಲೆ: ಒಂದರಲ್ಲಿ ‘ಆದದ್ದೇ’, ಇನ್ನೊಂದರಲ್ಲಿ ‘ಆದದ್ದೂ’. ಮೂರನೆಯದನ್ನು ‘ಏರ್ಪಾಡು ಸಡಿಲವಾದದ್ದೇ ಕಾರಣ’ ಅಂತ ಮಾಡಿದ್ದರೆ ಅದೂ ತಪ್ಪಾಗುತ್ತಿತ್ತು. ಯಾಕೆಂದರೆ ಮಳೆ ಕಾರಣವೇ ಅಲ್ಲ ಅಂತ ಗದ್ಯ ಎಲ್ಲೂ ಹೇಳಿಲ್ಲ, ಮಳೆಯೊಂದೇ ಅಲ್ಲ ಅಂತಷ್ಟೇ ಹೇಳಿದೆ.

ಇಂಗ್ಲಿಷ್ ಗದ್ಯದ ಪಾಠ ಮಾಡುವವರು ‘ಓನ್ಲಿ, ಆಲ್, ಸಮ್, ಮೇ’ ಇಂಥ ಪದಗಳಿಗೆ ಸುತ್ತು ಹಾಕಿ ಅನ್ನುತ್ತಾರೆ. ಒಳ್ಳೆಯ ಬುದ್ಧಿಮಾತು. ಅದನ್ನು ಕನ್ನಡಕ್ಕೆ ಇಳಿಸಿದವರು ‘ಮಾತ್ರ, ಎಲ್ಲ, ಕೆಲವು, ಬಹುಶಃ’ ಅಂತ ಪಟ್ಟಿ ಕೊಟ್ಟು ಕೈತೊಳೆದುಕೊಂಡಿದ್ದಾರೆ. ಅದು ಅರ್ಧ ಕೆಲಸ. ಕನ್ನಡದಲ್ಲಿ ಬೇರೆ ಪದಕ್ಕಿಂತ ಪದದ ಬಾಲವೇ ಹೆಚ್ಚು ಮಾತಾಡುತ್ತದೆ. ಅವನು ಬಂದ, ಅವನೇ ಬಂದ, ಅವನೂ ಬಂದ, ಅವನಾದರೂ ಬಂದ: ನಾಲ್ಕು ಬೇರೆ ಬೇರೆ ಕತೆ. ಕ್ರಿಯಾಪದದ ಬಾಲ ಇನ್ನೂ ಸೂಕ್ಷ್ಮ. ‘ಮಳೆ ಬರುತ್ತದೆ’ ಅಂದರೆ ಹೇಳುವವನಿಗೆ ಗ್ಯಾರಂಟಿ. ‘ಬಂದೀತು’ ಅಂದರೆ ಬಂದರೂ ಬರಬಹುದು, ಕೊಡೆ ಇರಲಿ. ‘ಬರಲಿಕ್ಕಿಲ್ಲ’ ಅಂದರೆ ಅನುಮಾನ. ‘ಬರುವಂತಿದೆ’ ಅಂದರೆ ಮೋಡ ನೋಡಿ ಹೇಳಿದ್ದು. ‘ಬರುತ್ತದಂತೆ’ ಅಂದರೆ ಯಾರೋ ಹೇಳಿದ್ದು, ತನ್ನ ಜವಾಬ್ದಾರಿ ಇಲ್ಲ. ಅರಳಿಕಟ್ಟೆಯ ಮೇಲೆ ಇದರಲ್ಲಿ ಒಂದನ್ನೂ ಯಾರೂ ತಪ್ಪಾಗಿ ಕೇಳಿಸಿಕೊಳ್ಳುವುದಿಲ್ಲ. ‘ಅವರ ಮಗಳಿಗೆ ಗಂಡು ಗೊತ್ತಾಯ್ತಂತೆ’ ಅಂದರೆ ಮರುಕ್ಷಣವೇ ‘ಯಾರಂದ್ರು?’ ಅಂತ ಕೇಳುತ್ತಾರೆ. ಅದೇ ಜನ ಅಚ್ಚಾದ ಹಾಳೆ ಕೈಗೆ ಬಂದಕೂಡಲೇ ಬಾಲ ಬಿಟ್ಟು ತಲೆಯನ್ನಷ್ಟೇ ಓದುತ್ತಾರೆ. ಕೆರೆ, ಮಳೆ, ಬಾವಿ, ರೈತ. ನಡುವಿನ ಖಾಲಿ ಜಾಗವನ್ನು ತಮ್ಮ ತೋಟದ ಮಣ್ಣಿನಿಂದ ತುಂಬಿಕೊಳ್ಳುತ್ತಾರೆ.

ಅದಕ್ಕೇ ‘ಗದ್ಯದ ಮೇಲೆ ಸುಮ್ಮನೆ ಕಣ್ಣಾಡಿಸಿ, ಟೈಮ್ ಉಳಿಸಿ’ ಅನ್ನುವ ಉಪದೇಶ ನನಗೆ ಸೇರುವುದಿಲ್ಲ. ಕಣ್ಣಾಡಿಸಿದರೆ ಸಿಗುವುದು ತಲೆಗಳೇ. ಒಂದು ಸಲ, ತುಟಿ ಅಲ್ಲಾಡದ ವೇಗದಲ್ಲಿ, ಆದರೆ ಪದದ ಕೊನೆಯವರೆಗೆ ಓದಿದರೆ ಮತ್ತೆ ಮತ್ತೆ ಹಿಂದಕ್ಕೆ ಓಡುವ ಸಮಯ ಉಳಿಯುತ್ತದೆ. ಪ್ರಶ್ನೆ ಮೊದಲೋ ಗದ್ಯ ಮೊದಲೋ ಎಂಬ ಜಗಳವೂ ವಾರಕ್ಕೊಮ್ಮೆ ಏಳುತ್ತದೆ. ಪ್ರಶ್ನೆಯನ್ನು ಬೇಕಾದರೆ ಮೊದಲು ಓದಿ, ಆಯ್ಕೆಗಳನ್ನು ಮಾತ್ರ ಓದಬೇಡಿ ಅನ್ನುತ್ತೇನೆ. ನಾಲ್ಕರಲ್ಲಿ ಮೂರು ಸುಳ್ಳು, ಆ ಮೂರು ಸುಳ್ಳನ್ನು ತಲೆಯಲ್ಲಿಟ್ಟುಕೊಂಡು ಗದ್ಯಕ್ಕೆ ಹೋದರೆ ಗದ್ಯದಲ್ಲೂ ಅವೇ ಕಾಣುತ್ತವೆ.

ಒಂದು ಉಪಾಯ ನನಗೆ ನಿಜವಾಗಿ ಕೆಲಸಕ್ಕೆ ಬಂದದ್ದು. ಗದ್ಯ ಮುಗಿದ ಮೇಲೆ ಹಾಲ್ ಟಿಕೆಟ್ಟಿನಿಂದ ಆಯ್ಕೆಗಳನ್ನು ಮುಚ್ಚಿಕೊಂಡು, ಅಮ್ಮ ಪಕ್ಕದಲ್ಲಿದ್ದು ‘ಏನಂತೋ ಅದು?’ ಅಂತ ಕೇಳಿದರೆ ಏನು ಹೇಳುತ್ತಿದ್ದೆನೋ ಅದನ್ನು ಮನಸ್ಸಿನಲ್ಲೇ ಒಂದು ವಾಕ್ಯದಲ್ಲಿ ಹೇಳಿಕೊಳ್ಳುವುದು. ಗ್ರಾಂಥಿಕ ಕನ್ನಡ ಬೇಡ, ಮನೆಮಾತು. ಆಮೇಲೆ ಟಿಕೆಟ್ ಸರಿಸಿ, ಆ ವಾಕ್ಯಕ್ಕೆ ಹತ್ತಿರದ್ದು ಯಾವುದು ನೋಡುವುದು. ಚಿಂತಾಮಣಿಯ ಹುಡುಗಿಯ ಮನೆಯಲ್ಲಿ ತೆಲುಗು. ಅವಳು ಕನ್ನಡದ ಕೆರೆಯ ಗದ್ಯವನ್ನು ತೆಲುಗಿನಲ್ಲಿ ಅಮ್ಮನಿಗೆ ಒಪ್ಪಿಸಿ, ಮತ್ತೆ ಕನ್ನಡದ ಆಯ್ಕೆಗಳಿಗೆ ಬಂದಳು. ಎರಡು ಸಲ ಹೊಳೆ ದಾಟಿದರೂ ಈ ಸಲ ಮೂರನೆಯದನ್ನೇ ತೋರಿಸಿದಳು. ಅಮ್ಮನಿಗೆ ಏನಂದೆ ಅಂತ ಕೇಳಿದೆ. “ಬೋರ್ ಬಂದ್ಮೇಲೆ ಕೆರೇನ ಯಾರೂ ನೋಡ್ಕೊಳ್ಳಿಲ್ಲ ಅಂತೆ, ಅದಕ್ಕೂ ಒಣಗಿತಂತೆ ಅಂದೆ ಸಾರ್.” ‘ಅದಕ್ಕೂ’! ಆ ‘ಊ’ ಅವಳ ಬಾಯಿಗೆ ತಾನಾಗಿ ಬಂದಿತ್ತು. ‘ಯಾರೂ’ ಅಂದದ್ದು ಮಾತ್ರ ದೊಡ್ಡಬಾಯಿ ಅಂತ ಪಕ್ಕದವಳು ಹಿಡಿದಳು.

ಸಿಸ್ಯಾಟ್ ಬರೆಯುವವರನ್ನು ಹೆಚ್ಚು ಕಾಡುವುದು ಇನ್ನೊಂದು ಜಾತಿಯ ಪ್ರಶ್ನೆ. ಲೇಖಕ ಬಾಯಿಬಿಟ್ಟು ಹೇಳದೆ ಮೊದಲೇ ಒಪ್ಪಿಕೊಂಡದ್ದು ಏನು ಅಂತ ಒಮ್ಮೆ ಕೇಳುತ್ತಾರೆ, ಲೇಖಕ ಹೇಳಿದ್ದರಿಂದ ಏನು ಹೊರಡುತ್ತದೆ ಅಂತ ಇನ್ನೊಮ್ಮೆ. ಎರಡೂ ಒಂದೇ ಅಂದುಕೊಂಡು ನಾನೂ ಸುಮಾರು ಅಂಕ ಕಳೆದುಕೊಂಡಿದ್ದೇನೆ. ಅಪ್ಪ ಬೆಳಿಗ್ಗೆ ಹೇಳುತ್ತಿದ್ದ ಮಾತನ್ನು ಇಟ್ಟುಕೊಂಡರೆ ಬಿಡಿಸಲು ಸುಲಭ: “ಬಸ್ಸು ಐದಕ್ಕೆ, ನಾಲ್ಕೂವರೆಗೆ ಮನೆ ಬಿಡು.” ಇದರಲ್ಲಿ ಅಪ್ಪ ಹೇಳದೆ ಒಪ್ಪಿಕೊಂಡದ್ದು, ಮನೆಯಿಂದ ಸ್ಟ್ಯಾಂಡಿಗೆ ಅರ್ಧ ಗಂಟೆಯೊಳಗೆ ಹೋಗಬಹುದು ಎಂಬುದು. ಅದನ್ನು ತಿರುಗಿಸಿ ನೋಡಿ, ಸ್ಟ್ಯಾಂಡಿಗೆ ಒಂದು ಗಂಟೆ ಬೇಕು ಅನ್ನಿ. ಅಪ್ಪನ ಮಾತೇ ಕುಸಿದು ಬೀಳುತ್ತದೆ. ಹಾಗೆ ತಿರುಗಿಸಿದರೆ ಕುಸಿಯುವುದೇ ಅಡಿಪಾಯ. ಐದೂಕಾಲಿಗೆ ಮನೆ ಬಿಟ್ಟವನಿಗೆ ಆ ಬಸ್ಸು ಸಿಗದು ಎಂಬುದು ಮಾತಿನಿಂದ ಹೊರಡುವ ತೀರ್ಮಾನ, ಗೋಡೆಯ ಮೇಲಿನ ಸೂರು. ಬಸ್ಸು ಯಾವಾಗಲೂ ಸರಿಯಾದ ಸಮಯಕ್ಕೆ ಬರುತ್ತದೆ ಎಂಬ ಆಯ್ಕೆ ಬಂದರೆ? ‘ಯಾವಾಗಲೂ’ ಅಂತ ಅಪ್ಪ ಒಪ್ಪಿಕೊಳ್ಳಬೇಕಾದ ಅಗತ್ಯವೇ ಇಲ್ಲ. ಇವತ್ತು ಬಂದರೆ ಸಾಕು. ಈ ಮೂರನೆಯದಕ್ಕೇ ಜನ ಹೆಚ್ಚು ಬೀಳುವುದು.

ಪದ್ಯದ ಕತೆ ಬೇರೆ. ಟಿಇಟಿಯಲ್ಲಿ ಗದ್ಯದ ಜೊತೆ ಒಂದು ಪದ್ಯಭಾಗವೂ ಬರುತ್ತದೆ. ಗೊತ್ತಿಲ್ಲದ ಪದ್ಯ ಬಂದರೆ ಪುಣ್ಯ. ಹತ್ತನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ ಪದ್ಯ ಬಂತೋ, ಕಣ್ಣು ಪ್ರಶ್ನೆಪತ್ರಿಕೆಯ ಮೇಲಿದ್ದರೂ ಓದುವುದು ಗೈಡಿನ ಸಾರಾಂಶವನ್ನು. ಕವಿ ಯಾರು, ಯಾವ ಪ್ರಶಸ್ತಿ ಬಂತು, ಮೇಷ್ಟ್ರು ಏನಂದಿದ್ದರು, ಎಲ್ಲ ಮೆರವಣಿಗೆಯಲ್ಲಿ ಬರುತ್ತವೆ. ಕೊಟ್ಟಿರುವುದು ಎಂಟು ಸಾಲು, ಪ್ರಶ್ನೆ ಆ ಎಂಟು ಸಾಲಿನದು. ಒಂಬತ್ತನೇ ಸಾಲು ನಿಮಗೆ ಗೊತ್ತಿದ್ದರೆ ಅದು ನಿಮ್ಮ ದುರದೃಷ್ಟ.

ಬಿಡುವುದೋ ತುಂಬುವುದೋ ಎಂಬುದು ಪರೀಕ್ಷೆಯ ಮೇಲೆ ಹೋಗುತ್ತದೆ, ಅದರಲ್ಲಿ ದೊಡ್ಡ ತತ್ವವೇನಿಲ್ಲ. ಸಿಟಿಇಟಿಯಲ್ಲಿ ತಪ್ಪಿಗೆ ಕಡಿತವಿಲ್ಲ. ಅಲ್ಲಿ ಒಂದು ಗುಂಡಿಯನ್ನೂ ಖಾಲಿ ಬಿಟ್ಟು ಬರಬಾರದು. ಸಿಸ್ಯಾಟಿನಲ್ಲಿ ಎರಡು ಆಯ್ಕೆಯನ್ನು ಕಾರಣ ಕೊಟ್ಟು ಹೊಡೆದುಹಾಕಲು ಆದರೆ ತುಂಬುತ್ತೇನೆ, ‘ಯಾಕೋ ಇದು ಚೆನ್ನಾಗಿದೆ’ ಅನ್ನಿಸಿದರೆ ಬಿಡುತ್ತೇನೆ. ಚೆನ್ನಾಗಿದೆ ಅನ್ನಿಸುವುದು ಹೆಚ್ಚಾಗಿ ನನ್ನ ಅಭಿಪ್ರಾಯವನ್ನು ಹೊತ್ತುಕೊಂಡು ಬಂದದ್ದೇ ಆಗಿರುತ್ತದೆ. ಎಂಬಿಎ ಸೇರಲು ಬರೆಯುವ ಐಐಎಂಗಳ ಕ್ಯಾಟ್‌ನಲ್ಲಿ ಈಚಿನ ವರ್ಷಗಳಲ್ಲಿ ಭಾಷೆಯ ಭಾಗಕ್ಕೆ 40 ನಿಮಿಷ, 24 ಪ್ರಶ್ನೆ. ಹೆಚ್ಚಿನವು ಉದ್ದುದ್ದ ಗದ್ಯದವು, ಸರಿಗೆ 3, ಆಯ್ಕೆಯ ಪ್ರಶ್ನೆ ತಪ್ಪಾದರೆ 1 ಕಡಿತ. ಅಮೆರಿಕದಲ್ಲಿರುವ ಅಕ್ಕನ ಮಗಳು ಕಾಲೇಜು ಸೇರಲು ಬರೆದ ಸ್ಯಾಟ್ ಈಗ ಕಂಪ್ಯೂಟರಿಗೆ ಬಂದು ಗದ್ಯಗಳು ಚುಟುಕಾಗಿವೆ: 150 ಪದ ಮೀರದ ತುಣುಕು, ತುಣುಕಿಗೊಂದೇ ಪ್ರಶ್ನೆ, ತಪ್ಪಿಗೆ ಕಡಿತವೂ ಇಲ್ಲ. ಫೋನಿನಲ್ಲಿ ಅವಳು ಒಂದೆರಡನ್ನು ಓದಿ ಹೇಳಿದಳು. ತುಣುಕು ಸಣ್ಣದಾದರೂ ದೊಡ್ಡಬಾಯಿ ಅಲ್ಲೂ ಇದ್ದ.

ನಮ್ಮ ಮಕ್ಕಳಿಗೆ ಇರುವ ಇನ್ನೊಂದು ತೊಡಕನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಸಿಸ್ಯಾಟಿನ ಗದ್ಯ ಅಚ್ಚಾಗುವುದು ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ಕನ್ನಡ ಮಾಧ್ಯಮದವನು ಮುಂದೆ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಆದರೆ ಅಲ್ಲಿಗೆ ತಲುಪಲು ಈ ಹೊಸಿಲನ್ನು ಬೇರೆ ಭಾಷೆಯಲ್ಲೇ ದಾಟಬೇಕು. ಕನ್ನಡದಲ್ಲಿ ಕೊಟ್ಟಾಗಲೂ ಅದು ಕನ್ನಡವೇ ಆಗಿರುತ್ತದೆ ಅನ್ನುವ ಭರವಸೆಯಿಲ್ಲ. 2024ರ ಆಗಸ್ಟಿನ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ, ದೊಡ್ಡ ಗಲಾಟೆಯಾಗಿ ಡಿಸೆಂಬರಿನಲ್ಲಿ ಮರುಪರೀಕ್ಷೆ ಮಾಡಬೇಕಾಯಿತು. ಬಾಲ ಎಲ್ಲೋ ತಲೆ ಎಲ್ಲೋ ಆಗಿರುವ ವಾಕ್ಯವನ್ನು ಎಷ್ಟು ನಿಧಾನವಾಗಿ ಓದಿದರೇನು ಬಂತು? ಎರಡೂ ಭಾಷೆ ಕೊಟ್ಟಿದ್ದರೆ, ಕನ್ನಡ ವಾಕ್ಯ ಎಡವಿದಲ್ಲಿ ತಕ್ಷಣ ಪಕ್ಕದ ಇಂಗ್ಲಿಷಿಗೆ ಕಣ್ಣು ಹಾಕಿ ಅಂತ ಹೇಳಿಕೊಡುತ್ತೇನೆ. ಹೇಳಿಕೊಡುವಾಗ ಸಂಕಟವಾಗುತ್ತದೆ.

ನಾನು ಮುಟ್ಟದೇ ಹೋದ ಮುಖ್ಯ ಪರೀಕ್ಷೆಯಲ್ಲಿ 300 ಅಂಕದ ಕಡ್ಡಾಯ ಭಾರತೀಯ ಭಾಷೆಯ ಪತ್ರಿಕೆಯೊಂದಿದೆ. ನಾನು ಆರಿಸಿಕೊಂಡಿದ್ದದ್ದು ಕನ್ನಡ. ಅದರಲ್ಲಿ 100 ಅಂಕ ಪ್ರಬಂಧಕ್ಕೆ, 60 ಗದ್ಯ ಓದಿ ಉತ್ತರಿಸುವುದಕ್ಕೆ, ಇನ್ನೊಂದು 60 ಕೊಟ್ಟದ್ದನ್ನು ಮೂರನೇ ಒಂದು ಭಾಗಕ್ಕೆ ಇಳಿಸುವುದಕ್ಕೆ. ಹಳೆಯ ಪತ್ರಿಕೆಗಳನ್ನು ತರಿಸಿ ಸುಮ್ಮನೆ ಒಮ್ಮೊಮ್ಮೆ ಮಾಡಿ ನೋಡುತ್ತೇನೆ. ಎಳೆಯುವುದೂ ಅಲ್ಲೇ, ಕುಗ್ಗಿಸುವುದೂ ಅಲ್ಲೇ. ಪ್ರಬಂಧ ಒಂದೇ ಉಸಿರಿಗೆ ಮುಗಿಯುತ್ತದೆ. ಕುಗ್ಗಿಸಲು ಕೂತರೆ ಇವತ್ತಿಗೂ ಮೊದಲ ಕರಡು ಮೂಲದಷ್ಟೇ ಉದ್ದ ಬರುತ್ತದೆ, ಎಲ್ಲಿಂದಲೋ ಒಬ್ಬ ಸೈನಿಕ ಬಂದು ನಿಂತಿರುತ್ತಾನೆ.

ಹೋದ ತಿಂಗಳು ಒಂದು ಭಾನುವಾರ ಚಿಂತಾಮಣಿಯ ಹುಡುಗಿ ತಡವಾಗಿ ಬಂದಳು. ಮೆಟ್ಟಿಲು ಹತ್ತಿದ ಏದುಸಿರು, ಕೈಯಲ್ಲಿ ಫೋನು.

“ಸಾರ್, ಮತ್ತೆ ಬೋರ್ ಹಾಕ್ಸಿದ್ರು. ನೀರು ಬಂತಂತೆ!”

ಕೋಣೆಯಲ್ಲಿ ಚಪ್ಪಾಳೆ. ನನಗೂ ಖುಷಿಯೇ ಆಯಿತು, ಆದರೂ ಬಾಯಿ ಸುಮ್ಮನಿರಲಿಲ್ಲ.

“ಬಂತಾ, ಬಂತಂತಾ?”

ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಅರ್ಥವಾಗಿ, ಜೋರಾಗಿ ನಕ್ಕಳು.

“ಬಂತಂತೆ, ಸಾರ್. ಅಪ್ಪ ಇನ್ನೂ ತೋಟಕ್ಕೆ ಹೋಗಿಲ್ಲ. ಬೋರ್ ಲಾರಿಯವರು ಹೇಳಿದ್ದು.”